ಪಕ್ಕದ ಮನೆ ಹುಡುಗ ಪೆಟ್ಟಿಗೇಲಿ ಬರ್ತಿದಾನೆ, ಆ ಮನೆಯವರ ಜೊತೆ ಹೇಗೆ ನಿಲ್ಲೋದು?

ಪಕ್ಕದಮನೆ

ಎಲ್ಲರಿಗೂ ನಮಸ್ಕಾರ. ಹೇಗೆ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ, ತಪ್ಪಿದ್ರೆ ಕ್ಷಮಿಸಿ. ನಮ್ಮ ಪಕ್ಕದ ಮನೆ ಹುಡುಗ ಸೈನ್ಯದಲ್ಲಿದ್ದ. ಮೊನ್ನೆ ರಾತ್ರಿ ಸುದ್ದಿ ಬಂತು, ಹೋಗ್ಬಿಟ್ಟ ಅಂತ. ನಾಳಿದ್ದು ಪಾರ್ಥಿವ ಶರೀರ ಬರತ್ತಂತೆ. ಮನೇಲಿ ಅಪ್ಪ ಅಮ್ಮ, ಹೆಂಡತಿ, ಆರು ವರ್ಷದ ಮಗಳು, ಒಬ್ಬ ತಮ್ಮ ಇದಾರೆ. ನಾನು ಮದುವೆಯಾಗಿ ಈ ಬೀದಿಗೆ ಬಂದಾಗ ಅವನಿನ್ನೂ ಹೈಸ್ಕೂಲು, ನಮ್ಮ ಗೇಟಿನ ಮೇಲೆ ಹತ್ತಿ ಕೂತ್ಕೊಂಡೇ ಬೆಳೆದವನು, ಈಗ ಆ ಗೇಟ್ ತೆಗೆಯೋಕೂ ಕೈ ಬರ್ತಿಲ್ಲ.

ಬೀದಿಯವರೆಲ್ಲ ಏನಾದ್ರೂ ಮಾಡ್ಬೇಕು ಅಂತ ನಿನ್ನೆ ಕೂತು ಮಾತಾಡಿದ್ವಿ. ಹುಡುಗರು ಬೈಕ್ ರ‍್ಯಾಲಿ ಅಂದ್ರು, ಕೆಲವರು ದೊಡ್ಡ ಬ್ಯಾನರ್ ಅಂದ್ರು, ಮೈಕ್ ಹಾಕಿ ದೇಶಭಕ್ತಿ ಗೀತೆ ಹಾಕೋಣ ಅಂದ್ರು, ಒಬ್ಬರು ಹಣ ಕೂಡಿಸೋಣ ಅಂದ್ರು. ಯಾರದ್ದೂ ಕೆಟ್ಟ ಮನಸ್ಸಲ್ಲ, ಎಲ್ಲರಿಗೂ ಹೊಟ್ಟೇಲಿ ಸಂಕಟ. ಆದ್ರೆ ಎರಡು ಗಂಟೆ ಮಾತಾಡಿದ್ರಲ್ಲಿ ಆ ಮನೆಯವರಿಗೆ ಏನು ಬೇಕು ಅಂತ ಒಬ್ಬರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ, ಅದು ರಾತ್ರಿ ಮಲಗಿದ ಮೇಲೆ ಹೊಳೀತು. ಅನುಭವ ಇರೋರು ದಯವಿಟ್ಟು ಹೇಳಿ, ಆ ದಿನ ನಿಜವಾಗ್ಲೂ ಉಪಯೋಗಕ್ಕೆ ಬರೋದು ಏನು?

ಹಳೇಬೂಟು

ತಾಯಿ, ಮೊದಲು ಆ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಸೈನ್ಯದಿಂದ ರಿಟೈರ್ ಆಗಿ ಬಹಳ ವರ್ಷ ಆಯ್ತು. ಸರ್ವಿಸಲ್ಲಿದ್ದಾಗ ಮೂರು ಸಲ ಪೆಟ್ಟಿಗೆ ಜೊತೆ ಜೊತೆಗಾರನ ಮನೆ ಬಾಗಿಲವರೆಗೆ ಹೋಗಿದೀನಿ. ಗುಂಡಿನ ಮುಂದೆ ನಿಂತಾಗ ಇಲ್ಲದ ನಡುಕ ಆ ಬಾಗಿಲಲ್ಲಿ ಬಂದಿತ್ತು.

ಆ ದಿನ ಏನೇನು ನಡೆಯತ್ತೆ ಅನ್ನೋದು ಮನೆಯವರಿಗೆ ಮೊದಲೇ ಗೊತ್ತಿರೋದಿಲ್ಲ, ಯಾರೂ ಹೇಳಿರೋದಿಲ್ಲ, ಅಲ್ಲೇ ಅರ್ಧ ಗಾಬರಿ. ಅದಕ್ಕೇ ನೀವು ತಿಳ್ಕೊಂಡಿರಿ. ಪೆಟ್ಟಿಗೆ ಮೇಲೆ ಧ್ವಜ ಹೊದಿಸಿರ್ತಾರೆ, ಕೇಸರಿ ಬಣ್ಣ ತಲೆ ಕಡೆ. ಜೊತೆಗೆ ಅವನ ಯೂನಿಟ್ಟಿನವರು ಇರ್ತಾರೆ. ಹೂವಿನ ಚಕ್ರ ಇಡೋದು, ಬಂದೂಕು ತಲೆಕೆಳಗು ಮಾಡಿ ತಲೆ ಬಗ್ಗಿಸಿ ನಿಲ್ಲೋದು, ಮೂರು ಸಲ ಗಾಳಿಗೆ ಗುಂಡು ಹಾರಿಸೋದು, ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ಅನ್ನೋ ವಿದಾಯದ ರಾಗ ನುಡಿಸೋದು, ಇದೆಲ್ಲ ಇರತ್ತೆ. ಧ್ವಜವನ್ನ ಚಿತೆ ಮೇಲೆ ಸುಡೋ ಹಾಗಿಲ್ಲ, ಗುಂಡಿಗೆ ಇಳಿಸೋ ಹಾಗಿಲ್ಲ, ಧ್ವಜ ಸಂಹಿತೆಯಲ್ಲೇ ಇದೆ. ತೆಗೆದು ಮಡಿಚಿ ಮನೆಯವರ ಕೈಗೆ ಕೊಡ್ತಾರೆ.

ಈಗ ಇದ್ರಲ್ಲಿ ನಿಮ್ಮ ಕೆಲಸ ಎಲ್ಲಿದೆ ಅಂದ್ರೆ, ಮೊದಲನೇದು ಆ ಗುಂಡಿನ ಸದ್ದು. ಮಗು ಬೆಚ್ಚಿ ಬೀಳತ್ತೆ, ವಯಸ್ಸಾದೋರೂ ಬೆಚ್ಚಿ ಬೀಳ್ತಾರೆ. ಮೊದಲನೇ ಸಲ ನಾನು ಹೋದಾಗ ತಾಯಿ ಆ ಸದ್ದಿಗೆ ಕುಸಿದುಬಿಟ್ರು, ಮಗನನ್ನ ಇನ್ನೊಂದು ಸಲ ಹೊಡೆದ್ರು ಅಂತ ಕೂಗಿದ್ರು, ಅದು ಇವತ್ತಿಗೂ ನನ್ನ ಕಿವೀಲಿದೆ. ಎರಡನೇ ಸಲ ನಾನೇ ಮೊದಲೇ ಹೋಗಿ ಹೇಳ್ದೆ, ಅಮ್ಮಾ ಈಗ ಮೂರು ಸಲ ದೊಡ್ಡ ಸದ್ದು ಬರತ್ತೆ, ಅದು ಮರ್ಯಾದೆಗೆ, ಹೆದರ್ಬೇಡಿ ಅಂತ. ಅಷ್ಟೇ ಸಾಕಾಯ್ತು.

ಎರಡನೇದು, ಪೆಟ್ಟಿಗೆ ತೆಗೆದು ಮುಖ ತೋರಿಸ್ತಾರೋ ಇಲ್ವೋ. ಕೆಲವು ಸಲ ತೋರಿಸೋ ಸ್ಥಿತೀಲಿ ಇರೋದಿಲ್ಲ. ಇದನ್ನ ಬಂದಿರೋ ಅಧಿಕಾರಿ ಹತ್ರ ಮನೆ ಕಡೆಯ ಒಬ್ಬರು ಗಟ್ಟಿ ಮನಸ್ಸಿನೋರು ಮೊದಲೇ ಕೇಳಿ ತಿಳ್ಕೊಳ್ಬೇಕು, ಜನರ ಮಧ್ಯೆ ತೆಗೀರಿ ತೆಗೀರಿ ಅಂತ ಕೂಗಾಟ ಆಗ್ಬಾರ್ದು. ಹೊರಗಿನೋರು ಯಾರೂ ಆ ಒತ್ತಡ ಹಾಕ್ಬೇಡಿ.

ಮೂರನೇದು. ಧ್ವಜ ಸಾಮಾನ್ಯವಾಗಿ ಹೆಂಡತಿ ಕೈಗೆ ಹೋಗತ್ತೆ. ಆ ಹೊತ್ತಲ್ಲಿ ತಾಯಿ ಕೈ ಖಾಲಿ. ಆಗ ತಾಯಿ ಪಕ್ಕ ಯಾರಾದ್ರೂ ಇರಿ.

ಗೇರ್‌ನಂಬರ್5

ನಾನೂ ನಮ್ಮ ಕಡೆ ಇಂಥದ್ದಕ್ಕೆ ಬೈಕ್ ತಗೊಂಡು ಹೋದವನೇ. ಸುಮಾರು ದೂರದಿಂದ ಆಂಬುಲೆನ್ಸ್ ಮುಂದೆ ಹಿಂದೆ ಹೋದ್ವಿ, ಘೋಷಣೆ ಕೂಗಿದ್ವಿ, ಧ್ವಜ ಹಿಡ್ಕೊಂಡಿದ್ವಿ. ಅದು ತಪ್ಪು ಅಂತ ನನಗೆ ಅನ್ಸಲ್ಲ, ಮನಸ್ಸಿಂದ ಮಾಡಿದ್ದು. ಸುಮ್ನೆ ಮನೇಲಿ ಕೂರೋಕೆ ಆಗಲ್ಲ ಅಲ್ವಾ, ನಮಗಾಗಿ ಪ್ರಾಣ ಕೊಟ್ಟವನು ಬರ್ತಿರುವಾಗ?

ದಾರಿಯವನು

ಗೇರ್ ಅಣ್ಣ, ತಪ್ಪು ಅಂತಲ್ಲ. ಬೈಕಿನೋರದ್ದೇ ಒಂದು ಉದಾಹರಣೆ ಹೇಳ್ತೀನಿ. ಅಮೆರಿಕದಲ್ಲಿ ಪೇಟ್ರಿಯಟ್ ಗಾರ್ಡ್ ರೈಡರ್ಸ್ ಅಂತ ಇದಾರೆ, 2005ರಲ್ಲಿ ಶುರುವಾಗಿದ್ದು. ಆಗ ಒಂದು ಸಣ್ಣ ಚರ್ಚಿನ ಗುಂಪು ಸೈನಿಕರ ಅಂತ್ಯಕ್ರಿಯೆ ನಡೆಯೋ ಜಾಗಕ್ಕೇ ಹೋಗಿ, ಸತ್ತಿದ್ದು ದೇವರ ಶಿಕ್ಷೆ ಅಂತ ಬೋರ್ಡ್ ಹಿಡ್ಕೊಂಡು ಕೂಗ್ತಿತ್ತು. ಕೇಸು ಸುಪ್ರೀಂ ಕೋರ್ಟಿಗೂ ಹೋಯ್ತು, 2011ರಲ್ಲಿ ಕೋರ್ಟು ಅದು ವಾಕ್ ಸ್ವಾತಂತ್ರ್ಯದೊಳಗೆ ಬರತ್ತೆ ಅಂತ ತೀರ್ಪು ಕೊಡ್ತು, ಮಗನನ್ನ ಕಳ್ಕೊಂಡ ಅಪ್ಪ ಸೋತ್ರು. ಈ ಬೈಕಿನೋರು ಅವರ ಜೊತೆ ಜಗಳಕ್ಕೆ ಹೋಗ್ಲಿಲ್ಲ. ದೊಡ್ಡ ದೊಡ್ಡ ಬಾವುಟ ಹಿಡ್ಕೊಂಡು ಸಾಲಾಗಿ ನಿಂತು, ಮನೆಯವರಿಗೆ ಆ ಬೋರ್ಡು ಕಾಣದ ಹಾಗೆ ಅಡ್ಡ ನಿಂತ್ರು, ಅಷ್ಟೇ. ಅವರದ್ದೊಂದು ನಿಯಮ ಇದೆ, ಮನೆಯವರು ಕರೆದ್ರೆ ಮಾತ್ರ ಹೋಗೋದು. ಕರೀದೇ ಇದ್ರೆ ಇಲ್ಲ. ನನಗೆ ಎಲ್ಲಕ್ಕಿಂತ ಅದೇ ದೊಡ್ಡದು ಅನ್ಸೋದು.

ಇನ್ನೊಂದು. ನಾನು ಇಂಗ್ಲೆಂಡಿನಲ್ಲಿ ಕೆಲಸ ಮಾಡ್ತಿದ್ದಾಗ ವೂಟನ್ ಬ್ಯಾಸೆಟ್ ಅನ್ನೋ ಊರಿನ ವಿಷಯ ದಿನಾ ಸುದ್ದೀಲಿ ಬರೋದು. ಇರಾಕ್, ಅಫ್ಘಾನಿಸ್ತಾನದಲ್ಲಿ ಸತ್ತವರನ್ನ ಹತ್ತಿರದ ಲೈನಮ್ ವಾಯುನೆಲೆಗೆ ತಂದು, ಅಲ್ಲಿಂದ ಆಕ್ಸ್‌ಫರ್ಡಿನ ಆಸ್ಪತ್ರೆಗೆ ಒಯ್ಯುವಾಗ ಈ ಊರಿನ ಮುಖ್ಯ ಬೀದಿ ಮೇಲೇ ಗಾಡಿ ಹೋಗ್ಬೇಕಿತ್ತು. 2007ರಲ್ಲಿ ಮೊದಮೊದಲು ನಿವೃತ್ತ ಸೈನಿಕರು ಕೆಲವರು ಗಾಡಿ ಹೋಗೋದು ನೋಡಿ ಸುಮ್ನೆ ನಿಂತು ಸಲ್ಯೂಟ್ ಮಾಡಿದ್ರು. ಆಮೇಲೆ ಅಂಗಡಿಯವರು ಹೊರಗೆ ಬಂದು ನಿಲ್ಲೋಕೆ ಶುರು ಮಾಡಿದ್ರು, ಆಮೇಲೆ ಇಡೀ ಊರು. ಚರ್ಚಿನ ಗಂಟೆ ಹೊಡೆಯೋದು, ಗಾಡಿ ನಿಧಾನ ಆಗೋದು, ಎಲ್ಲರೂ ತಲೆ ಬಗ್ಗಿಸೋದು, ಹೋದ ಮೇಲೆ ಅವರವರ ಕೆಲಸಕ್ಕೆ. ಭಾಷಣ ಇಲ್ಲ, ವೇದಿಕೆ ಇಲ್ಲ. ನಾಲ್ಕು ವರ್ಷದಲ್ಲಿ 167 ಸಲ, 345 ಜನಕ್ಕೆ ಹಾಗೆ ನಿಂತ್ರು. 2011ರಲ್ಲಿ ವಿಮಾನಗಳು ಬೇರೆ ನೆಲೆಗೆ ಹೋದ ಮೇಲೆ ಆ ಊರಿನ ಹೆಸರಿಗೆ ರಾಣಿ ರಾಯಲ್ ಅಂತ ಸೇರಿಸಿದ್ರು. ನಾನು ಒಂದೇ ಒಂದು ಸಲ ಹೋಗಿ ನಿಂತಿದ್ದೆ, ಅಷ್ಟು ಜನ ಇದ್ದೂ ಗಾಡಿ ಟೈರಿನ ಸದ್ದು ಕೇಳಿಸ್ತಿತ್ತು.

ಮೌನರಾಗ

ಓದ್ತಾ ಓದ್ತಾ ಕೈ ನಡುಗ್ತಿದೆ ಆದ್ರೂ ಬರೀತೀನಿ. ಹನ್ನೊಂದು ವರ್ಷದ ಹಿಂದೆ ನಾನು ಆ ಹೆಂಡತಿ ಜಾಗದಲ್ಲಿದ್ದೆ.

ಆ ದಿನ ನನಗೆ ಪೂರ್ತಿ ನೆನಪಿಲ್ಲ, ಚೂರು ಚೂರು ನೆನಪಿದೆ. ಎಷ್ಟು ಸಾವಿರ ಜನ ಬಂದಿದ್ರು ಅಂತ ಆಮೇಲೆ ಬೇರೆಯವರು ಹೇಳಿದ್ರು. ನನಗೆ ನೆನಪಿರೋದು ಬೆನ್ನ ಮೇಲೆ ಒಂದು ಕೈ. ಬೆಳಿಗ್ಗೆಯಿಂದ ಸಂಜೆ ತನಕ ಆ ಕೈ ಅಲ್ಲೇ ಇತ್ತು. ಯಾರದ್ದು ಅಂತ ತಿರುಗಿ ನೋಡ್ಲಿಲ್ಲ, ಆಮೇಲೆ ಗೊತ್ತಾಯ್ತು, ನಮ್ಮ ಹಿಂದಿನ ಮನೆ ಅಕ್ಕ, ಅದಕ್ಕೆ ಮುಂಚೆ ನಾನೂ ಅವರೂ ಸರಿಯಾಗಿ ಮಾತಾಡಿದ್ದೂ ಇಲ್ಲ. ಅವರು ಒಂದು ಮಾತೂ ಆಡ್ಲಿಲ್ಲ. ಬಾಯಿ ಒಣಗಿದಾಗ ನೀರು ಹಿಡಿದ್ರು, ಬಾತ್‌ರೂಮಿಗೆ ಕರ್ಕೊಂಡು ಹೋಗಿ ಬಾಗಿಲ ಹೊರಗೆ ನಿಂತ್ರು, ಸೆರಗು ಜಾರಿದ್ರೆ ಎಳೆದು ಸರಿ ಮಾಡಿದ್ರು. ನೋಡಿ, ಇದನ್ನ ಯಾರೂ ಬರೆದಿಡಲ್ಲ. ಸಾವಿರ ಜನ ನಿಮ್ಮನ್ನೇ ನೋಡ್ತಿರುವಾಗ ನಿಮ್ಮ ಬಟ್ಟೆ ಸರಿ ಇದೆಯಾ ಅಂತ ನೋಡೋಕೆ ಒಬ್ಬರು ಇರ್ಬೇಕು.

ಬೇಡದೇ ಇದ್ದಿದ್ದು ಏನು ಅಂತಾನೂ ಹೇಳ್ತೀನಿ. ಅಳ್ಬೇಡ, ನೀನು ವೀರನ ಹೆಂಡತಿ ಅಂದವರು. ಹೆಮ್ಮೆ ಪಡ್ಬೇಕು ಅಂದವರು. ಹೆಮ್ಮೆ ಇತ್ತು ರೀ, ಇವತ್ತಿಗೂ ಇದೆ, ಆದ್ರೆ ಆ ಗಂಟೆ ನನಗೆ ಅಳೋಕೆ ಬಿಡ್ಬೇಕಿತ್ತು. ಇನ್ನೊಬ್ಬರು ನನ್ನ ಕಿವಿ ಹತ್ರ ಬಂದು ಸರ್ಕಾರದಿಂದ ಎಷ್ಟು ಬರತ್ತೆ ಅಂತ ಕೇಳಿದ್ರು, ಪೆಟ್ಟಿಗೆ ಇನ್ನೂ ಅಂಗಳದಲ್ಲೇ ಇತ್ತು. ಪೆಟ್ಟಿಗೆ ಜೊತೆ ಮೊಬೈಲಲ್ಲಿ ಫೋಟೋ ತೆಗೆಸ್ಕೊಂಡವರೂ ಇದ್ರು.

ಇನ್ನೊಂದು ವಿಷಯ, ಇದೇ ಮುಖ್ಯ. ಜನ ಎಲ್ಲ ಹೋದ ಮೇಲೆ ಶಾಮಿಯಾನ ಬಿಚ್ಚುತಾರಲ್ಲ, ಆ ಕಂಬ ಕೀಳೋ ಸದ್ದು, ಅಲ್ಲಿಂದ ಶುರುವಾಗೋದು ನಿಜವಾದ್ದು. ಮೊದಲನೇ ವಾರ ಮನೇಲಿ ಕೂರೋಕೆ ಜಾಗ ಇರ್ಲಿಲ್ಲ, ಮೂರನೇ ತಿಂಗಳು ಗ್ಯಾಸ್ ಖಾಲಿಯಾದಾಗ ಸಿಲಿಂಡರ್ ಎತ್ತಿಡೋಕೆ ಯಾರನ್ನ ಕರೀಲಿ ಅಂತ ಗೊತ್ತಾಗ್ದೆ ಅಡುಗೆಮನೇಲಿ ಕೂತು ಅತ್ತಿದೀನಿ. ಆಗ್ಲೂ ಬಂದಿದ್ದು ಅದೇ ಅಕ್ಕ.

ಪಕ್ಕದಮನೆ

ಮೌನರಾಗ ಅವರೇ, ಏನು ಹೇಳ್ಬೇಕೋ ತಿಳೀತಿಲ್ಲ. ನಿಮ್ಮ ಮಾತು ಓದಿ ಎದ್ದು ಆ ಮನೆಗೆ ಹೋದೆ. ಅವಳ ಪಕ್ಕ ಸುಮ್ನೆ ಕೂತಿದ್ದು ಬಂದೆ. ನಾಳೆಯಿಂದ ನಾನು ಅವಳನ್ನ ಬಿಟ್ಟು ಕದಲಲ್ಲ.

ಕಪ್ಪುಹಲಗೆ

ಮಗುವಿನ ವಿಷಯ ಸ್ವಲ್ಪ ಹೇಳ್ತೀನಿ, ಪ್ರೈಮರಿ ಶಾಲೇಲಿ ಪಾಠ ಮಾಡ್ತೀನಿ, ಅಪ್ಪನನ್ನ ಕಳ್ಕೊಂಡ ಮಕ್ಕಳು ನನ್ನ ಕ್ಲಾಸಲ್ಲಿ ಓದಿದಾರೆ. ಆರು ವರ್ಷದ ಮಗೂಗೆ ಅಪ್ಪ ಮಲಗಿದಾನೆ, ದೂರ ಹೋಗಿದಾನೆ, ದೇವರು ಕರೆಸ್ಕೊಂಡ ಅಂತೆಲ್ಲ ಹೇಳ್ಬೇಡಿ. ಮಲಗಿದಾನೆ ಅಂದ್ರೆ ರಾತ್ರಿ ತಾನು ಮಲಗೋಕೆ ಹೆದರ್ಕೊಳ್ಳತ್ತೆ, ಅಮ್ಮ ಕಣ್ಣು ಮುಚ್ಚಿದ್ರೂ ಅಲುಗಾಡಿಸಿ ಎಬ್ಬಿಸತ್ತೆ. ದೂರ ಹೋಗಿದಾನೆ ಅಂದ್ರೆ ಸೈನಿಕನ ಮಗೂಗೆ ಅದು ಗೊತ್ತಿರೋ ಮಾತು, ಅಪ್ಪ ಯಾವಾಗ್ಲೂ ದೂರ ಹೋಗೋನೇ, ರಜಕ್ಕೆ ಬರೋನೇ, ಅದಕ್ಕೇ ಕಾಯ್ತಾ ಕೂರತ್ತೆ. ಅಪ್ಪ ಸತ್ತು ಹೋದ್ರು, ಅವರ ಮೈ ಕೆಲಸ ಮಾಡೋದು ನಿಂತು ಹೋಯ್ತು, ಇನ್ನು ವಾಪಸ್ ಬರೋಕೆ ಆಗಲ್ಲ ಅಂತ ಅಮ್ಮನೋ, ತುಂಬಾ ಹತ್ತಿರದವರೋ ಮಡಿಲಲ್ಲಿ ಕೂರಿಸ್ಕೊಂಡು ಹೇಳ್ಬೇಕು. ಕಷ್ಟ. ಆದ್ರೆ ಹಾಗೇ ಹೇಳ್ಬೇಕು. ಮಗು ಕೇಳಿದ್ದನ್ನೇ ಹತ್ತು ಸಲ ಕೇಳತ್ತೆ, ಹತ್ತು ಸಲಾನೂ ಅದೇ ಉತ್ತರ ಕೊಡಿ.

ಅಂತ್ಯಕ್ರಿಯೆ ಹತ್ರ ಬರ್ಬೇಕಾ ಬೇಡ್ವಾ ಅಂತ ಮಗೂನೇ ಕೇಳಿ, ಅಲ್ಲಿ ಏನೇನು ಇರತ್ತೆ ಅಂತ ಮೊದಲೇ ಹೇಳಿ. ಮಧ್ಯದಲ್ಲಿ ಸಾಕು ಅನ್ಸಿದ್ರೆ ಎತ್ಕೊಂಡು ಹೋಗೋಕೆ ಅಮ್ಮ ಅಲ್ಲದ ಇನ್ನೊಬ್ಬರು, ಮಗು ಒಪ್ಪೋ ಅಂಥವರು, ಬರೀ ಮಗೂಗೆ ಅಂತಾನೇ ಇರ್ಬೇಕು. ಮತ್ತೆ ಯಾರೂ ಆ ಮಗು ಕೈಲಿ ಜೈ ಹಿಂದ್ ಹೇಳಿಸಿ ವಿಡಿಯೋ ಮಾಡ್ಬೇಡಿ. ಕೈ ಮುಗಿದು ಕೇಳ್ತೀನಿ.

ಹಿಂದಿನಬೆಂಚು

ತಮ್ಮ ಒಬ್ಬ ಇದಾನೆ ಅಂದ್ರಲ್ಲ. ಅವನನ್ನ ಯಾರಾದ್ರೂ ನೋಡ್ಕೊಳ್ಳಿ. ನಮ್ಮಣ್ಣ ಹೋದಾಗ ನನಗೆ ಹತ್ತೊಂಬತ್ತು. ಎಲ್ಲರೂ ಬಂದು ನನ್ನ ಭುಜ ಹಿಡಿದು ಅಪ್ಪ ಅಮ್ಮನ್ನ ನೋಡ್ಕೋ, ಅತ್ತಿಗೇನ ನೋಡ್ಕೋ, ಇನ್ಮೇಲೆ ನೀನೇ ಎಲ್ಲ ಅಂದ್ರು. ನೀನು ಹೇಗಿದೀಯ ಅಂತ ಒಬ್ಬ ಕೇಳಿದ, ಅಣ್ಣನ ಯೂನಿಟ್ಟಿಂದ ಬಂದಿದ್ದ ಹುಡುಗ. ಅವತ್ತು ಟೆಂಟು, ಕುರ್ಚಿ, ನೀರು, ಪೊಲೀಸ್‌ನೋರ ಜೊತೆ ಮಾತು, ಎಲ್ಲ ನಾನೇ ಓಡಾಡಿದೆ, ಅಣ್ಣನ ಮುಖ ಕೊನೇ ಸಲ ನೋಡ್ಬೇಕಾದ ಹೊತ್ತಲ್ಲಿ ನಾನು ಗೇಟ್ ಹತ್ರ ಗಾಡಿ ಪಾರ್ಕಿಂಗ್ ನೋಡ್ತಿದ್ದೆ. ಅದನ್ನ ನನಗೆ ವಾಪಸ್ ಕೊಡೋಕೆ ಯಾರಿಂದಲೂ ಆಗಲ್ಲ. ಬೀದಿ ಹುಡುಗರಿಗೆ ಏನಾದ್ರೂ ಮಾಡ್ಬೇಕು ಅಂತಿದ್ರೆ ಆ ಪಾರ್ಕಿಂಗ್ ಮಾಡ್ಲಿ.

ಗೇರ್‌ನಂಬರ್5

ಇದು ಓದಿ ಸುಮ್ನಾಗ್ಬಿಟ್ಟೆ. ಹೌದು, ಅವತ್ತು ನಾವು ಬೈಕುಗಳನ್ನ ಎಲ್ಲಂದ್ರಲ್ಲಿ ನಿಲ್ಲಿಸಿದ್ವಿ, ಆ ಮನೆಯವರ ಕಡೆಯ ಕಾರೇ ಒಳಗೆ ಬರೋಕೆ ಆಗಿರ್ಲಿಲ್ಲ.

ನೆಲದಮಾತು

ಇಲ್ಲಿ ಎಲ್ಲರೂ ಜನ ಕಮ್ಮಿ ಇರ್ಲಿ, ಸದ್ದು ಬೇಡ ಅಂತಿದೀರ. ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನನ್ನ ಸೋದರಮಾವನ ಮಗ ಹೋದಾಗ ನಮ್ಮ ಮಾವ ಹತ್ತಾರು ವರ್ಷ ಯಾರ ಕಣ್ಣಿಗೂ ಬೀಳದೇ ಬದುಕಿದ ಮನುಷ್ಯ, ಅವತ್ತು ರಸ್ತೆ ಎರಡೂ ಕಡೆ ಜನ ನಿಂತಿದ್ದು ನೋಡಿ, ನನ್ನ ಮಗನ್ನ ಇಷ್ಟು ಜನ ಬಲ್ಲರಾ ಅಂತ ಕೇಳಿದ್ರು. ಆಮೇಲೂ ವರ್ಷಾನುಗಟ್ಟಲೆ ಅದನ್ನೇ ಹೇಳೋರು. ಆ ಜನ ಇಲ್ದೇ ಇದ್ದಿದ್ರೆ ಅವರು ಮೇಲೇಳ್ತಿರ್ಲಿಲ್ಲ ಅನ್ಸತ್ತೆ.

ಕಾರ್ಗಿಲ್‌ಗಿಂತ ಮುಂಚೆ ಇದೆಲ್ಲ ಹೀಗಿರ್ಲಿಲ್ಲ ಅನ್ನೋದನ್ನೂ ನೆನಪಿಡ್ಬೇಕು. ಹಿಂದಿನ ಯುದ್ಧಗಳಲ್ಲಿ ಸತ್ತವರಿಗೆ ಸಾಮಾನ್ಯವಾಗಿ ಗಡಿ ಹತ್ರಾನೇ ಅಂತ್ಯಸಂಸ್ಕಾರ ಆಗ್ತಿತ್ತು, ಮನೆಗೆ ಬರ್ತಿದ್ದಿದ್ದು ಒಂದು ತಂತಿ, ಆಮೇಲೆ ಒಂದು ಟ್ರಂಕು. 1999ರಲ್ಲಿ ಕಾರ್ಗಿಲ್‌ನಲ್ಲಿ 527 ಜನ ಹೋದ್ರಲ್ಲ, ಆಗ್ಲೇ ದೊಡ್ಡ ಪ್ರಮಾಣದಲ್ಲಿ ಅವರವರ ಊರಿಗೇ ಕಳಿಸೋದು ಶುರುವಾಗಿದ್ದು. ಜನ ಬೀದಿಗೆ ಬಂದು ನಿಂತಿದ್ದೂ ಆಗ್ಲೇ. ಮೈ ನೋಡದೇ, ಮಣ್ಣು ಹಾಕದೇ, ಎಲ್ಲೋ ಬದುಕಿರ್ಬಹುದು ಅಂತ ಜೀವಮಾನ ಕಾದ ತಾಯಂದಿರ ಕಥೆ ನಮ್ಮ ಅಜ್ಜಿ ಹೇಳೋರು. ಅದಕ್ಕೆ ಹೋಲಿಸಿದ್ರೆ ಊರೆಲ್ಲ ಬಂದು ನಿಲ್ಲೋದು ಸಣ್ಣ ವಿಷಯ ಅಲ್ಲ.

ಮೌನರಾಗ

ನೆಲದಮಾತು ಅವರು ಹೇಳಿದ್ದು ನಿಜ, ನಾನು ಒಪ್ತೀನಿ. ನಮ್ಮ ಮಾವನೂ ಹಾಗೇ, ಅವರಿಗೆ ಜನ ಬೇಕಿತ್ತು, ನನಗೆ ಬೇಡವಾಗಿತ್ತು, ನಮ್ಮತ್ತೆಗೆ ಏನು ಬೇಕಿತ್ತು ಅಂತ ನಾನು ಇವತ್ತಿಗೂ ಕೇಳಿಲ್ಲ. ಒಂದೇ ಮನೇಲಿ ಮೂರು ಜನಕ್ಕೆ ಮೂರು ಥರ. ಅದಕ್ಕೇ ಮನೆಯವರನ್ನ ಕೇಳಿ ಅಂದ್ರೆ ಮನೆ ಹಿರಿಯರೊಬ್ಬರನ್ನ ಕೇಳಿ ಮುಗಿಸೋದಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆ, ಮೆಲ್ಲಗೆ ಕೇಳಿ. ಅಪ್ಪನಿಗೆ ಜನ ಬೇಕಾದ್ರೆ ರಸ್ತೇಲಿ ಜನ ನಿಲ್ಲಲಿ, ಹೆಂಡತಿಗೆ ಬೇಡ ಅಂದ್ರೆ ಒಳಗಿನ ಕೋಣೆಗೆ ಯಾರೂ ಹೋಗದೇ ಇರ್ಲಿ. ಎರಡೂ ಒಟ್ಟಿಗೆ ಆಗತ್ತೆ, ಬಾಗಿಲಲ್ಲಿ ನಿಲ್ಲೋಕೆ ಗಟ್ಟಿಗಿತ್ತಿ ಒಬ್ಬಳು ಇದ್ರೆ.

ಲೆನ್ಸ್‌ಹಿಂದೆ

ಸುದ್ದಿ ಮಾಧ್ಯಮದಲ್ಲಿ ಕೆಲಸ ಮಾಡಿದವನು ನಾನು, ಇಂಥ ಮನೆಗಳಿಗೆ ಕ್ಯಾಮೆರಾ ತಗೊಂಡು ಹೋಗಿದೀನಿ, ಹೋಗ್ಬಾರ್ದಾಗಿದ್ದ ಕೋಣೆಗೂ ಹೋಗಿದೀನಿ. ಒಂದು ತಾಯಿ ಮುಖದ ಹತ್ರ ಮೈಕ್ ಹಿಡಿದು ಹೇಗನ್ಸತ್ತೆ ಅಂತ ಕೇಳಿದೀನಿ. ಅದಕ್ಕೆ ನನಗೆ ಕ್ಷಮೆ ಇಲ್ಲ.

ಆ ಅನುಭವದಿಂದ ಹೇಳೋದು. ಮನೆ ಕಡೆಯಿಂದ ಮಾತಾಡೋಕೆ ಒಬ್ಬರನ್ನ ಗೊತ್ತು ಮಾಡಿ, ಸ್ವಂತ ಮನೆಯವರಲ್ಲ, ದೂರದ ಸಂಬಂಧಿಯೋ ಸ್ನೇಹಿತನೋ. ಹೋದ ಹುಡುಗನ ಒಂದು ಒಳ್ಳೇ ಫೋಟೋ, ನಾಲ್ಕು ಸಾಲು ವಿವರ ಅವರ ಹತ್ರ ರೆಡಿ ಇರ್ಲಿ. ವರದಿಗಾರನಿಗೆ ಅದು ಸಿಕ್ಕಿಬಿಟ್ರೆ ಅರ್ಧ ಜನ ಒಳಗೆ ನುಗ್ಗೋದಿಲ್ಲ, ನಿಜ ಹೇಳ್ತಿದೀನಿ. ಕ್ಯಾಮೆರಾ ನಿಲ್ಲೋಕೆ ದೂರದಲ್ಲಿ ಒಂದು ಜಾಗ ತೋರಿಸಿ, ಹಗ್ಗ ಕಟ್ಟಿ.

ಅಮೆರಿಕದಲ್ಲಿ ಡೋವರ್ ವಾಯುನೆಲೆಗೆ ಬರೋ ಪೆಟ್ಟಿಗೆಗಳ ಫೋಟೋ ತೆಗೆಯೋದನ್ನ 1991ರಿಂದ ನಿಲ್ಲಿಸಿದ್ರು. 2009ರಲ್ಲಿ ಬದಲಾಯಿಸಿದ್ರು, ಮಾಧ್ಯಮ ಇರ್ಬೇಕಾ ಬೇಡ್ವಾ ಅಂತ ಆಯಾ ಕುಟುಂಬವೇ ಹೇಳ್ಬೇಕು ಅಂತ. ಪೂರ್ತಿ ಮುಚ್ಚಿಡೋದೂ ಅಲ್ಲ, ಪೂರ್ತಿ ತೆರೆದಿಡೋದೂ ಅಲ್ಲ. ನಿಮ್ಮ ಬೀದೀಲೂ ಅದನ್ನೇ ಮಾಡಿ. ಮನೆಯವರ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕೋ ಮುಂಚೆ ಅವರನ್ನ ಕೇಳಿದೀರಾ ಅಂತ ಒಬ್ಬರಿಗೊಬ್ಬರು ಕೇಳ್ಕೊಳ್ಳಿ, ಈಗ ಕ್ಯಾಮೆರಾ ನಮ್ಮ ಕೈಲಿ ಮಾತ್ರ ಇಲ್ಲ, ಎಲ್ಲರ ಜೇಬಲ್ಲೂ ಇದೆ.

ಬಿಳಿಹಾಳೆ

ಹಣದ ವಿಷಯ. ಬ್ಯಾಂಕಿನಲ್ಲಿ ಇದ್ದವಳು ನಾನು. ದಯವಿಟ್ಟು ಯಾರ ವೈಯಕ್ತಿಕ ಖಾತೆಗೂ ಹಣ ಕೂಡಿಸ್ಬೇಡಿ, ಎಷ್ಟೇ ಒಳ್ಳೆಯವರಾದ್ರೂ. ಕೊಡೋದಿದ್ರೆ ನೇರ ಹೆಂಡತಿ ಅಥವಾ ತಂದೆತಾಯಿ ಖಾತೆಗೆ, ಅವರು ಒಪ್ಪಿದ್ರೆ, ಅದೂ ಸ್ವಲ್ಪ ದಿನ ಬಿಟ್ಟು. ಅವನ ಫೋಟೋ ಹಾಕಿ ಸ್ಕ್ಯಾನರ್ ಕೋಡ್ ಹಂಚೋ ಮೋಸಗಾರರು ಎರಡೇ ದಿನಕ್ಕೆ ಹುಟ್ಕೊಳ್ತಾರೆ.

ಕಾಗದ ಪತ್ರಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆ ಕಚೇರಿ ಇದೆ, ಅಲ್ಲಿಗೆ ಹೋಗುವಾಗ ಅವಳ ಜೊತೆ ಒಬ್ಬರು ಹೋಗಿ. ಮರಣ ಪ್ರಮಾಣಪತ್ರದ ಪ್ರತಿಗಳು ಎಷ್ಟು ಕಡೆ ಬೇಕಾಗತ್ತೆ ಅಂತ ಮೊದಲು ಗೊತ್ತಾಗಲ್ಲ, ಜಾಸ್ತೀನೇ ತೆಗೆಸಿಡಿ. ಫೈಲ್ ಒಂದು ಮಾಡಿ, ಯಾವತ್ತು ಯಾರ ಜೊತೆ ಮಾತಾಡಿದ್ವಿ, ಏನಂದ್ರು ಅಂತ ಬರೆದಿಡಿ. ದುಃಖದಲ್ಲಿ ಕೇಳಿದ್ದು ಒಂದೂ ತಲೇಲಿ ನಿಲ್ಲಲ್ಲ. ಮತ್ತೆ ಯಾರು ಏನೇ ಹೇಳಿದ್ರೂ ಖಾಲಿ ಹಾಳೆ ಮೇಲೆ ಸಹಿ ಮಾಡ್ಬಾರ್ದು, ಸ್ವಂತದವರು ಕೇಳಿದ್ರೂ.

ನೀಲಿಬಾಗಿಲು

ಒಂದು ಪ್ರಶ್ನೆ ಕೇಳ್ಲಾ. ನಮ್ಮ ತಂಗಿ ಗಂಡ ಸರ್ವಿಸಲ್ಲಿದ್ದಾಗಲೇ ಹೋದ್ರು, ಆದ್ರೆ ಯುದ್ಧದಲ್ಲಲ್ಲ, ಗಾಡಿ ಅಪಘಾತದಲ್ಲಿ. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯಷ್ಟು. ಒಬ್ಬರಂತೂ ಓ ಗುಂಡೇಟಲ್ಲ ಅಲ್ವಾ ಅಂತ ಬಾಯಿಬಿಟ್ಟೇ ಕೇಳಿದ್ರು. ಹಾಗಾದ್ರೆ ಅವಳ ದುಃಖ ಎರಡನೇ ದರ್ಜೆದಾ?

ಹಳೇಬೂಟು

ಅಲ್ಲಮ್ಮ. ಖಂಡಿತ ಅಲ್ಲ. ಹಿಮದ ಮೇಲಿನ ರಸ್ತೇಲಿ ಗಾಡಿ ಓಡಿಸೋನೂ ಡ್ಯೂಟಿ ಮೇಲೇ ಇರೋನು. ನಾನು ಮೂರನೇ ಸಲ ಹೋಗಿದ್ದು ಕಾಯಿಲೆಯಿಂದ ಹೋದ ಜೊತೆಗಾರನ ಮನೆಗೆ. ಅಲ್ಲಿ ಕ್ಯಾಮೆರಾ ಇರ್ಲಿಲ್ಲ, ಬ್ಯಾನರ್ ಇರ್ಲಿಲ್ಲ, ಹೆಣ ಎತ್ತೋಕೆ ಜನ ಸಾಲದೇ ನಾವೇ ಹೆಗಲು ಕೊಟ್ವಿ. ಆ ತಂದೆ ಮುಖ ಮರೆಯೋಕಾಗಲ್ಲ.

ದಾರಿಯವನು

ನೀಲಿಬಾಗಿಲು ಅವರೇ, ನಿಮಗೆ ಎರಡು ವಿಷಯ ಹೇಳ್ಬೇಕು ಅನ್ಸ್ತು. 1948ರಲ್ಲಿ ಅಮೆರಿಕದ ವಾಯುಪಡೆ ಮುಖ್ಯಸ್ಥರಾಗಿದ್ದ ಹೊಯ್ಟ್ ವ್ಯಾಂಡನ್‌ಬರ್ಗ್ ಆರ್ಲಿಂಗ್ಟನ್ ಸ್ಮಶಾನದಲ್ಲಿ ತಮ್ಮ ಸೈನಿಕನೊಬ್ಬನ ಅಂತ್ಯಕ್ರಿಯೆ ನೋಡಿದ್ರಂತೆ, ಮನೆಯವರು ಅಂತ ಒಬ್ಬರೂ ಇರ್ಲಿಲ್ಲ, ಪಾದ್ರಿ ಮತ್ತೆ ಸೈನ್ಯದವರು ಅಷ್ಟೇ. ಅವರ ಹೆಂಡತಿ ಗ್ಲ್ಯಾಡಿಸ್ ಅಲ್ಲಿಂದ ಹೆಂಗಸರ ಗುಂಪು ಕಟ್ಟಿದ್ರು, ಆರ್ಲಿಂಗ್ಟನ್ ಲೇಡೀಸ್ ಅಂತ. ಮಳೆ ಬರ್ಲಿ, ಹಿಮ ಬೀಳ್ಲಿ, ಯುದ್ಧದಲ್ಲಿ ಸತ್ತಿರ್ಲಿ, ವಯಸ್ಸಾಗಿ ಸತ್ತಿರ್ಲಿ, ಒಬ್ಬರು ಹೋಗಿ ನಿಂತೇ ನಿಲ್ತಾರೆ, ಕೈಲಿ ಬರೆದ ಒಂದು ಚೀಟಿ ಮನೆಯವರಿಗೆ ಕೊಟ್ಟು ಬರ್ತಾರೆ. ಇವತ್ತಿಗೂ ನಡೀತಿದೆ.

ಇನ್ನೊಂದು, ಬಾನಿ ಕ್ಯಾರಲ್ ಅನ್ನೋರು. ಅವರ ಗಂಡ 1992ರಲ್ಲಿ ಅಲಾಸ್ಕಾದಲ್ಲಿ ಸೈನ್ಯದ ವಿಮಾನ ಅಪಘಾತದಲ್ಲಿ ಹೋದ್ರು, ಯುದ್ಧ ಅಲ್ಲ. ಅದೇ ಅಪಘಾತದಲ್ಲಿ ಹೋದ ಬೇರೆಯವರ ಹೆಂಡತಿಯರ ಜೊತೆ ಮಾತಾಡಿದಾಗ ಸಿಕ್ಕ ಸಮಾಧಾನ ಇನ್ನೆಲ್ಲೂ ಸಿಗ್ಲಿಲ್ಲ ಅಂತ 1994ರಲ್ಲಿ ಒಂದು ಸಂಸ್ಥೇನೇ ಶುರು ಮಾಡಿದ್ರು. ಹೊಸದಾಗಿ ಕಳ್ಕೊಂಡವರ ಜೊತೆ ಮಾತಾಡೋಕೆ ಹಿಂದೆ ಕಳ್ಕೊಂಡವರನ್ನೇ ಸೇರಿಸೋದು ಅವರ ಮುಖ್ಯ ಕೆಲಸ. ಹೇಗೆ ಸತ್ರು ಅಂತ ಅಲ್ಲಿ ದರ್ಜೆ ಮಾಡಲ್ಲ.

ನೀಲಿಬಾಗಿಲು

ತಂಗಿಗೆ ಓದಿ ಹೇಳ್ತೀನಿ. ತುಂಬಾ ಥ್ಯಾಂಕ್ಸ್.

ಪಕ್ಕದಮನೆ

ಹದಿನೆಂಟು ದಿನ ಆಯ್ತು, ಈಗ ಬರೆಯೋಕೆ ಸಾಧ್ಯವಾಯ್ತು. ನೀವು ಹೇಳಿದ್ದನ್ನೆಲ್ಲ ಒಂದು ಹಾಳೇಲಿ ಬರ್ಕೊಂಡು ಬೀದಿಯವರಿಗೆ ಓದಿದ್ದೆ. ಒಬ್ಬರು ಸ್ವಲ್ಪ ಮುನಿಸ್ಕೊಂಡ್ರು, ಬ್ಯಾನರ್ ಆಗ್ಲೇ ಪ್ರಿಂಟಿಗೆ ಕೊಟ್ಟಿದ್ರು, ಅದರಲ್ಲಿ ಹುಡುಗನ ಫೋಟೋಗಿಂತ ಹಾಕಿಸಿದವರ ಫೋಟೋಗಳೇ ಜಾಸ್ತಿ ಇದ್ವು. ಅಪ್ಪನಿಗೆ ತೋರಿಸಿದಾಗ ಅವರು ನನ್ನ ಮಗ ಒಬ್ಬನೇ ಇರ್ಲಿ ಅಂದ್ರು, ಅಷ್ಟಕ್ಕೆ ಮುಗೀತು, ಬೇರೆ ಮಾಡಿಸಿದ್ರು.

ಮೌನರಾಗ ಅವರು ಹೇಳಿದ ಹಾಗೆ ಬೇರೆ ಬೇರೆ ಕೇಳಿದೆ. ಅಪ್ಪ ಜನ ಬರ್ಲಿ ಅಂದ್ರು. ಹೆಂಡತಿ ಫೋಟೋ ಬೇಡ, ಆಂಟಿ, ಅಂದ್ಲು. ಅಮ್ಮ ಏನೂ ಹೇಳ್ಲಿಲ್ಲ, ಅವನ ಬಟ್ಟೆ ಬೀರು ಯಾರೂ ಮುಟ್ಬೇಡಿ ಅಂದ್ರು ಅಷ್ಟೇ. ಹಾಗೇ ಮಾಡಿದ್ವಿ. ಬೈಕ್ ಹುಡುಗರು ಬೈಕನ್ನ ಶಾಲೆ ಮೈದಾನದಲ್ಲೇ ಬಿಟ್ಟು ನಡ್ಕೊಂಡು ಬಂದು ರಸ್ತೆ ಎರಡೂ ಕಡೆ ನಿಂತ್ರು, ಪಾರ್ಕಿಂಗೂ ಅವರೇ ನೋಡ್ಕೊಂಡ್ರು. ಘೋಷಣೆ ಒಂದೆರಡು ಸಲ ಎದ್ದಿತು, ಅಪ್ಪನೂ ಕೈ ಎತ್ತಿ ಕೂಗಿದ್ರು, ಆಮೇಲೆ ತಾನಾಗೇ ನಿಂತು ಹೋಯ್ತು. ತಮ್ಮನ ಜೊತೆ ಅವನ ಕಾಲೇಜಿನ ಇಬ್ಬರು ಗೆಳೆಯರನ್ನ ಬಿಟ್ಟಿದ್ವಿ, ಒಂದು ಕುರ್ಚೀನೂ ಎತ್ತೋಕೆ ಬಿಡ್ಬೇಡಿ ಅಂತ ಹೇಳಿ. ಅವನು ಅಣ್ಣನ ಪಕ್ಕದಲ್ಲೇ ಕೊನೇವರೆಗೂ ಕೂತಿದ್ದ.

ಮಗು ಬರ್ತೀನಿ ಅಂತು. ಗುಂಡಿನ ಸದ್ದಿನ ವಿಷಯ ಮೊದಲೇ ಹೇಳಿದ್ವಿ, ಮೂರು ಸಲ ಅಂತ. ಅವಳೇ ಎರಡೂ ಕೈಲಿ ಕಿವಿ ಮುಚ್ಕೊಂಡು ಒಂದು, ಎರಡು, ಮೂರು ಅಂತ ಎಣಿಸಿದ್ಲು. ಮೂರಾದ ಮೇಲೆ ಮುಗೀತಾ ಅಂತ ಕೇಳಿದ್ಲು.

ಎಲ್ಲ ಸರಿಯಾಯ್ತು ಅಂತ ಹೇಳಲ್ಲ. ಸಂಜೆ ಯಾರೋ ಒಳಗೆ ನುಗ್ಗಿ ಹೆಂಡತಿಯ ವಿಡಿಯೋ ಮಾಡಿದ್ರು, ನಾನು ನೀರು ತರೋಕೆ ಎದ್ದು ಹೋಗಿದ್ದ ಎರಡೇ ನಿಮಿಷ. ಮಾರನೇ ದಿನ ಅದು ಎಲ್ಲ ಕಡೆ ಓಡಾಡ್ತು. ಆ ಎರಡು ನಿಮಿಷಕ್ಕೆ ನನ್ನನ್ನ ನಾನೇ ಬೈಕೊಳ್ತಾ ಇದೀನಿ.

ಧ್ವಜ ಕೊಡುವಾಗ ಹಳೇಬೂಟು ಸರ್ ಹೇಳಿದ್ದು ನೆನಪಾಗಿ ನಮ್ಮ ಮನೆಯವರ ಅಕ್ಕ ತಾಯಿ ಪಕ್ಕ ನಿಂತಿದ್ರು. ರಾತ್ರಿ ನಾನು ಮತ್ತೆ ಹೋದಾಗ ಧ್ವಜ ಅತ್ತೆ ಮಡಿಲಲ್ಲಿತ್ತು, ಸೊಸೆ ಅವರ ಕಾಲ ಹತ್ರ ಗೋಡೆಗೆ ಒರಗಿ ನಿದ್ದೆ ಹೋಗಿದ್ಲು. ಯಾರು ಯಾರಿಗೆ ಕೊಟ್ರೋ ನಾನು ಕೇಳ್ಲಿಲ್ಲ.

ದಾರಿಯವನು

ಓದಿ ಸುಮಾರು ಹೊತ್ತು ಕೂತಿದ್ದೆ. ಆ ಎರಡು ನಿಮಿಷ ನಿಮ್ಮ ತಪ್ಪಲ್ಲ ಮೇಡಂ.

ಬೆಲ್ಜಿಯಂನಲ್ಲಿ ಈಪರ್ ಅಂತ ಊರಿದೆ, ಅಲ್ಲಿ ಮೆನಿನ್ ಗೇಟ್ ಮೇಲೆ ಮೊದಲನೇ ಮಹಾಯುದ್ಧದಲ್ಲಿ ಸತ್ತು ಮೈಯೂ ಸಿಗದ 54 ಸಾವಿರಕ್ಕೂ ಹೆಚ್ಚು ಜನರ ಹೆಸರು ಕೆತ್ತಿದಾರೆ, ನಮ್ಮ ಭಾರತೀಯ ಸೈನಿಕರ ಹೆಸರೂ ಇದೆ. 1928ರಲ್ಲಿ ಅಲ್ಲಿ ಲಾಸ್ಟ್ ಪೋಸ್ಟ್ ಶುರುವಾಯ್ತು, ಎರಡನೇ ಮಹಾಯುದ್ಧದಲ್ಲಿ ಊರು ಜರ್ಮನ್ನರ ಕೈಲಿದ್ದ ವರ್ಷಗಳು ಬಿಟ್ರೆ ದಿನಾ ರಾತ್ರಿ 8 ಗಂಟೆಗೆ ನುಡಿಸ್ತಾರೆ. ನುಡಿಸೋರು ಸೈನಿಕರಲ್ಲ, ಊರಿನ ಅಗ್ನಿಶಾಮಕ ದಳದವರ ಪೈಕಿಯವರು. ನೋಡೋಕೆ ಸಾವಿರ ಜನ ಇರೋ ದಿನಾನೂ ನುಡಿಸ್ತಾರೆ, ಚಳೀಲಿ ಯಾರೂ ಬರ್ದೇ ಇದ್ದ ದಿನಾನೂ ನುಡಿಸಿದಾರೆ. ನಿಮ್ಮ ಬೀದಿ ಈಗ ಮುಂದಿನ ತಿಂಗಳುಗಳಿಗೆ ಏನು ಅಂದ್ಕೊಂಡಿದೆ?

ಪಕ್ಕದಮನೆ

ಐದು ಮನೆಯವರು ಸೇರಿ ದಿನ ಹಂಚ್ಕೊಂಡಿದೀವಿ. ಮಂಗಳವಾರ ನಂದು. ಸಿಲಿಂಡರ್, ಮಗು ಶಾಲೆ ಆಟೋ, ಅಪ್ಪನ ಬಿಪಿ ಮಾತ್ರೆ, ಕಚೇರಿ ಓಡಾಟ. ಅವನ ಹುಟ್ಟುಹಬ್ಬ ನವೆಂಬರಲ್ಲಿ, ಮದುವೆ ದಿನ ಫೆಬ್ರವರೀಲಿ, ರಜಕ್ಕೆ ಬರ್ತೀನಿ ಅಂದಿದ್ದ ದಿನ ಮುಂದಿನ ತಿಂಗಳು. ಮೂರನ್ನೂ ನಮ್ಮನೆ ಕ್ಯಾಲೆಂಡರಲ್ಲಿ ಗುರುತು ಹಾಕಿದೀನಿ.

ಹಿಂದಿನಬೆಂಚು

ಆ ರಜದ ದಿನ ಹಾಕಿದ್ದು ಒಳ್ಳೇದಾಯ್ತು. ಅದು ಯಾರಿಗೂ ನೆನಪಿರಲ್ಲ. ನಮ್ಮಮ್ಮ ಆ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಕೂತಿದ್ರು.

ಮೌನರಾಗ

ನಿಮಗೆ ಖಾಸಗಿ ಮೆಸೇಜಲ್ಲಿ ನನ್ನ ನಂಬರ್ ಕಳಿಸಿದೀನಿ. ಅವಳಿಗೆ ಕೊಡಿ. ಫೋನ್ ಮಾಡ್ಲೇಬೇಕು ಅಂತಿಲ್ಲ, ಮಾಡಿ ಸುಮ್ನಿದ್ರೂ ಪರವಾಗಿಲ್ಲ. ರಾತ್ರಿ ಎಷ್ಟೊತ್ತಾದ್ರೂ ಎತ್ತೀನಿ ಅಂತ ಹೇಳಿ.

ಪಕ್ಕದಮನೆ

ಕೊಟ್ಟೆ ಅಕ್ಕ. ಏನೂ ಹೇಳ್ಲಿಲ್ಲ. ಇವತ್ತು ಹೋದಾಗ ನೋಡ್ದೆ, ನಿಮ್ಮ ನಂಬರ್ ದೊಡ್ಡದಾಗಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸ್ಕೊಂಡಿದಾಳೆ.